ತದಡಿಗೆ ಹೊರಡುವ ಮುನ್ನ ತಿಥಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಗೋಕರ್ಣದಿಂದ ದಕ್ಷಿಣಕ್ಕೆ 10 ಕಿಲೋಮೀಟರಿನ ಆಸುಪಾಸು ಹೋದರೆ ತದಡಿ. ಶಿರಸಿಯ ಕಡೆ ಹುಟ್ಟಿದ ಅಘನಾಶಿನಿ, ದಾರಿಯಲ್ಲಿ ಒಂದೂ ಅಣೆಕಟ್ಟು ಕಾಣದೆ, ಇಲ್ಲಿ ಕಡಲು ಸೇರುತ್ತದೆ. ಈ ಪುಟ್ಟ ಬಂದರಿನ ಚೆಲುವೆಲ್ಲ ನೀರಿನ ಏರಿಳಿತದಲ್ಲೇ ಇದೆ. ಹೊತ್ತು ತಪ್ಪಿ ಬಂದರೆ ಅರ್ಧ ಊರು ನೀರಿನಡಿ ಉಳಿದಂತೆಯೇ.

ಒಂದು ಭರತದಿಂದ, ಅಂದರೆ ಕಡಲ ನೀರು ತುಂಬಿ ಏರಿದ ಹೊತ್ತಿನಿಂದ, ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನಡುಹಗಲಿನ ಆಸುಪಾಸು ನೀರು ತುಂಬಿ, ಸಂಜೆಗೆ ಚೆನ್ನಾಗಿ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತವೇ ಸಣ್ಣದು, ಮರಳ ದಿಬ್ಬಗಳು ಪೂರ್ತಿ ಕಾಣುವುದಿಲ್ಲ.

ದೋಣಿಯವರಿಗೆ ಇದು ಜೀವದ ಲೆಕ್ಕ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳು ಕಟ್ಟುವುದರಿಂದ ಇಳಿತದಲ್ಲಿ ದೋಣಿಯ ಅಡಿ ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು ತೆರೆ. ಹೊಳೆಯ ಸೆಳೆತ ಹೊರಕ್ಕೆ, ಪಡುವಣ ಗಾಳಿಯ ತೆರೆ ಒಳಕ್ಕೆ. ಎರಡೂ ಎದುರಾದಲ್ಲಿ ತೆರೆ ಕಡಿದಾಗಿ ಎದ್ದು ಮುರಿಯುತ್ತದೆ. ಬಲ್ಲ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಮೀನು ತುಂಬಿದ್ದರೂ ಹೊರಗೇ ನಿಂತು ಭರತಕ್ಕೆ ಕಾಯುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಬಂದರಿನ ಗದ್ದಲ ನೋಡಬೇಕೆನ್ನುವವರು ಮಳೆಗಾಲ ಕಳೆದೇ ಬನ್ನಿ.

ಒಳಗಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳೂ ಇದೇ ನೀರಿನ ಮಕ್ಕಳು. ಮಳೆ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು.

ಇಳಿತದಲ್ಲಿ ಜನ ಮೊಣಕಾಲು ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿ ಆಯುತ್ತಾರೆ. ಕೊಳ್ಳುವವರು ಬಾಯಿ ಬಿಟ್ಟದ್ದನ್ನು ಬೆರಳಿಂದ ತಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ಬಿಡಿ. ಮನೆಗೆ ತಂದು ಬರೀ ನಲ್ಲಿ ನೀರಲ್ಲಿ ನೆನೆಸಬೇಡಿ. ಸಿಹಿನೀರು ತಾಗಿದರೆ ಚಿಪ್ಪು ಬಿಗಿದುಕೊಂಡು ಮರಳು ಒಳಗೇ ಉಳಿಯುತ್ತದೆ. ಹೊಳೆಯ ಉಪ್ಪುನೀರನ್ನೇ ತಂದು ಎರಡು ಮೂರು ಗಂಟೆ ಇಡಿ, ತಾವೇ ಉಗುಳುತ್ತವೆ. ಆಮೇಲೆ ತೊಳೆದು ಸ್ವಲ್ಪವೇ ನೀರಲ್ಲಿ ಮುಚ್ಚಿ ಬೇಯಿಸಿ. ಬೆಂದ ಮೇಲೂ ಬಾಯಿ ಬಿಡದ್ದನ್ನು ಎಸೆಯಿರಿ. ಬೆಂದ ನೀರನ್ನು ಚೆಲ್ಲಬೇಡಿ, ತಳದ ಮರಳು ಬಿಟ್ಟು ಬಸಿದು ಕಾಯಿ ಅರೆದ ಮಸಾಲೆಗೆ ಹಾಕಿ. ಅದರಲ್ಲೇ ಕಡಲಿನ ಉಪ್ಪಿರುತ್ತದೆ, ರುಚಿ ನೋಡದೆ ಉಪ್ಪು ಹಾಕಬೇಡಿ.