ಬೆಳಗಿನ ಬಿಗಿತಕ್ಕೆ ಆರು ವಾರದ ಗಡುವು

ಕೇಳುಗರಿಗೆ ನಮಸ್ಕಾರ.

ಇದು ಅಡಿಕೆ ಕೊಯ್ಲಿನ ಕಾಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮಂದಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಲೇ ರೇಡಿಯೊ ಕೇಳುತ್ತಿರುತ್ತೀರಿ. ನನ್ನ ಮಾತು ನಿಮಗೇ, ಅದರಲ್ಲೂ ಹೆಣ್ಣುಮಕ್ಕಳಿಗೆ. ಕೀಲುವಾತ, ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಬರೆಯುವ ಕಾಯಿಲೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ.

ಹೇಳಬೇಕಾದ್ದು ಒಂದೇ. ಬೆಳಿಗ್ಗೆ ಎದ್ದಾಗ ಬೆರಳಿನ ಬುಡ, ಮಣಿಕಟ್ಟು ಊದಿಕೊಂಡು, ಮುಷ್ಟಿ ಕಟ್ಟಲಾಗದ ಬಿಗಿತ ಅರ್ಧ ಗಂಟೆಗೂ ಮೀರಿ ಇರುತ್ತದೆಯೆ? ಹೀಗೆ ಆರು ವಾರ ಕಳೆಯಿತೆ? ಹಾಗಾದರೆ ಮೂರು ತಿಂಗಳು ತುಂಬುವ ಮೊದಲೇ ಸಂಧಿವಾತ ತಜ್ಞರಿಗೆ, ಅಂದರೆ ಕೀಲುವಾತ ನೋಡುವ ಡಾಕ್ಟರಿಗೆ, ತೋರಿಸಿ.

ನಮ್ಮಲ್ಲಿ ಏನಾಗುತ್ತದೆ? ಮಳೆಗಾಲದಲ್ಲಿ ಬಂದರೆ ಥಂಡಿ ಅನ್ನುತ್ತೇವೆ, ಈಗ ಬಂದರೆ ಸುಲಿದು ಸುಲಿದು ಕೈ ಸೋತಿದೆ ಅನ್ನುತ್ತೇವೆ. ದುಡಿಮೆಯ ನೋವು ಸಂಜೆಗೆ ಏರುತ್ತದೆ, ರಾತ್ರಿ ಮಲಗಿದರೆ ಇಳಿಯುತ್ತದೆ. ಕೀಲುವಾತ ಇದಕ್ಕೆ ತಿರುಗುಮುರುಗು. ಮಲಗಿ ಎದ್ದಾಗಲೇ ಹೆಚ್ಚು, ಕೈ ಆಡಿಸುತ್ತಾ ಹೋದಂತೆ ಸಡಿಲ. ಈಗಲೇ ನೋಡಿಕೊಳ್ಳಿ. ಒಂದು ಕೈಯಿಂದ ಇನ್ನೊಂದು ಕೈಯ ಬೆರಳ ಬುಡದ ನಾಲ್ಕು ಗೆಣ್ಣುಗಳನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ಅದುಮಿ. ನೋವಾದರೆ ಅನುಮಾನ ಪಡಿ. ಉಗುರಿನ ಹತ್ತಿರದ ಗೆಣ್ಣು ಮಾತ್ರ ಗಂಟು ಕಟ್ಟಿದ್ದರೆ ಅದು ಸಾಮಾನ್ಯವಾಗಿ ಸವೆತ. ಚಿಕೂನ್‌ಗುನ್ಯಾ ಜ್ವರದ ನಂತರವೂ ಹೀಗೇ ತಿಂಗಳುಗಟ್ಟಲೆ ಕೀಲು ಹಿಡಿಯುವುದುಂಟು. ಹಿಂದೆ ಜ್ವರ ಬಂದಿದ್ದರೆ ಡಾಕ್ಟರಿಗೆ ಹೇಳಿ.

ಒಳಗೆ ನಡೆಯುವುದು ಬೇಲಿಯೇ ಎದ್ದು ಹೊಲ ಮೇಯುವ ಕೆಲಸ. ರೋಗಾಣುವಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ದಪ್ಪವಾಗಿ ಊದಿ, ಪಕ್ಕದ ಮೃದ್ವಸ್ಥಿಯನ್ನೂ, ಅಂದರೆ ಎಲುಬಿನ ತುದಿಯ ನುಣುಪು ಹೊದಿಕೆಯನ್ನೂ, ಎಲುಬನ್ನೂ ಕೊರೆಯುತ್ತದೆ. ಕೊರೆದ ಎಲುಬು ಮತ್ತೆ ತುಂಬಿಕೊಳ್ಳುವುದಿಲ್ಲ. ಆರು ವಾರ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇಲ್ಲಿ ಒಂದು ಕಥೆ ಹೇಳಲೇಬೇಕು, ನಿಜವಾಗಿ ನಡೆದದ್ದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. 1929ರಲ್ಲಿ ಅವರ ಬಳಿಗೆ ಬಂದ ರೋಗಿಯೊಬ್ಬರು ವಿಚಿತ್ರ ಸಂಗತಿ ಹೇಳಿದರು: ಕಾಮಾಲೆ ಬಂದದ್ದೇ ಬಂದದ್ದು, ವರ್ಷಗಳ ಕೀಲುನೋವು ಮಾಯವಾಯಿತು! ಬೇರೆಯವರಾದರೆ ತಲೆಯಾಡಿಸಿ ಬಿಡುತ್ತಿದ್ದರು. ಹೆಂಚ್ ಬಿಡಲಿಲ್ಲ. ಬಸಿರಿನಲ್ಲೂ ಎಷ್ಟೋ ಹೆಂಗಸರ ಕೀಲುವಾತ ಇಳಿಯುವುದನ್ನು ಕಂಡರು. ಹಾಗಾದರೆ ಮೈಯೇ ಯಾವುದೋ ವಸ್ತು ತಯಾರಿಸುತ್ತಿರಬೇಕು ಅಂದುಕೊಂಡರು. ಪಿತ್ತರಸದ ಲವಣ ಕೊಟ್ಟು ನೋಡಿದರು, ಆಗಲಿಲ್ಲ. ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನ ವಿಜ್ಞಾನಿ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯಿಂದ ಒಂದೊಂದೇ ವಸ್ತು ಬೇರ್ಪಡಿಸುತ್ತಿದ್ದರು. ಅದರಲ್ಲಿ ಒಂದನ್ನು ಪ್ರಯೋಗಿಸಲು ಬೇಕಾದಷ್ಟು ಸಿಗುವ ಹೊತ್ತಿಗೆ 1948 ಬಂತು. ಆ ಸೆಪ್ಟೆಂಬರ್‌ನಲ್ಲಿ, ಹಾಸಿಗೆಯಿಂದ ಏಳಲೇ ಕಷ್ಟಪಡುತ್ತಿದ್ದ 29 ವರ್ಷದ ಹೆಂಗಸಿಗೆ ದಿನಕ್ಕೆ 100 ಮಿಲಿಗ್ರಾಂನಂತೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದರು, ವಾರದಲ್ಲಿ ಪೇಟೆಗೆ ಹೋಗಿ ಬಂದರು! 1950ರಲ್ಲಿ ಹೆಂಚ್, ಕೆಂಡಾಲ್, ಜೊತೆಗೆ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ರೈಕ್‌ಸ್ಟೈನ್‌ಗೆ ನೊಬೆಲ್ ಬಂತು. ಆ ಔಷಧಿಯೇ ಕಾರ್ಟಿಸೋನ್, ಸ್ಟೀರಾಯ್ಡ್ ಗುಂಪಿನದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಔಷಧಿ ನಿಲ್ಲಿಸಿದೊಡನೆ ನೋವು ವಾಪಸು ಬಂತು. ಮುಂದುವರಿಸಿದರೆ ಮುಖ ಊದಿತು, ಎಲುಬು ಟೊಳ್ಳಾಯಿತು, ಸಕ್ಕರೆ ಏರಿತು. ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಯಾರೋ ಕೊಡುವ ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಹಾರಿಹೋಯಿತು ಎನ್ನುವವರು ನಮ್ಮಲ್ಲಿ ಬಹಳ. ಇಂಥ ಪುಡಿಗಳಲ್ಲಿ ಬಹಳ ಸಲ ಇರುವುದು ಇದೇ ಗುಂಪಿನ ಸ್ಟೀರಾಯ್ಡ್. ನೋವು ಇಳಿದಿರುತ್ತದೆ, ತಜ್ಞರ ಹತ್ತಿರ ಹೋಗುವ ತಿಂಗಳುಗಳು ಕಳೆದುಹೋಗಿರುತ್ತವೆ. ದಯವಿಟ್ಟು ಬೇಡ. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸಲೂ ಬೇಡಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಪುಡಿಯ ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ.

ಇನ್ನುಳಿದದ್ದನ್ನು ಬೇಗ ಹೇಳುತ್ತೇನೆ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ರವೀಂದರ್ ಮೈನಿ ಎಂಬ ವಿಜ್ಞಾನಿಗಳು ರೋಗಿಗಳ ಕೀಲಿನ ಪೊರೆಯನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು. ಟಿಎನ್‌ಎಫ್ ಎಂಬ, ಉರಿಯೂತದ ಸಂಕೇತ ಸಾಗಿಸುವ ಒಂದು ಪ್ರೋಟೀನನ್ನು ತಡೆದರೆ ಉರಿಯೂತದ ಬೇರೆ ಸಂಕೇತಗಳೂ ತಗ್ಗಿದವು. 1992ರಲ್ಲಿ ಅದನ್ನು ತಡೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟರು. ಹಿಡಿದ ದಾರಿ ಸರಿಯಾಗಿತ್ತು. ಇಂದು ಬಯಾಲಾಜಿಕ್ ಎನ್ನುವ, ಇಂಥ ಒಂದೊಂದು ಸಂಕೇತವನ್ನೇ ಗುರಿಯಿಟ್ಟು ತಡೆಯುವ ಇಂಜೆಕ್ಷನ್‌ಗಳಲ್ಲಿ ಒಂದು ದೊಡ್ಡ ಗುಂಪು ಅಲ್ಲಿಂದ ಬಂದದ್ದು. ಒಳಗೆ ಅಡಗಿದ ಕ್ಷಯ ಇವುಗಳಿಂದ ಕೆರಳಬಹುದು, ಹಾಗಾಗಿ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಬೀಡಿ, ಸಿಗರೇಟು ಈ ರೋಗ ಬರುವ ಸಾಧ್ಯತೆಯನ್ನೇ ಹೆಚ್ಚಿಸುತ್ತವೆ ಎಂಬುದೂ ಸಂಶೋಧನೆಯಿಂದ ಗೊತ್ತಾಗಿದೆ.

ಹೆಚ್ಚಿನವರಿಗೆ ಮೊದಲು ಕೊಡುವುದು ಮೆಥೋಟ್ರೆಕ್ಸೇಟ್, ದುಬಾರಿಯಲ್ಲದ ಗುಳಿಗೆ. ವಾರಕ್ಕೆ ಒಂದೇ ದಿನ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ, ಎಷ್ಟು ಎಂಬುದನ್ನು ಡಾಕ್ಟರು ಹೇಳುತ್ತಾರೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ನಡುವೆ ಬಿಡಬೇಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಗುಳಿಗೆ ಬೇರೆ ದಿನ. ರಕ್ತಕಣ, ಲಿವರ್, ಕಿಡ್ನಿಯ ಪರೀಕ್ಷೆ ತಪ್ಪಿಸುವಂತಿಲ್ಲ. ಮದ್ಯ ಬೇಡ. ಮಗು ಬೇಕೆನ್ನುವವರು ಮೊದಲೇ ತಿಳಿಸಿ, ಗರ್ಭಕ್ಕೆ ಇದು ಅಪಾಯ.

ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ್ದನ್ನು ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸಾವು ಬಂದದ್ದುಂಟು. ಅದಕ್ಕೆ ನಿಮ್ಮೂರ ಸಂತೆಯ ದಿನವನ್ನೇ ಗುಳಿಗೆಯ ದಿನ ಮಾಡಿಕೊಳ್ಳಿ, ಆ ದಿನದ ಹೆಸರನ್ನು ಡಾಕ್ಟರ ಕೈಯಲ್ಲೇ ಚೀಟಿಯ ಮೇಲೆ ಬರೆಸಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ನಮಸ್ಕಾರ.