ಪಕ್ಕದ ಕುರ್ಚಿಯವನಿಗೆ ನೌಕರಿ ಸಿಕ್ಕಾಗ

ಎಲ್ಲರಿಗೂ ನಮಸ್ಕಾರ. ಹೊಟ್ಟೆಕಿಚ್ಚಿನ ಬಗ್ಗೆ ಧಾರವಾಡದಲ್ಲಿ ಮಾತಾಡುವಾಗ ಸಪ್ತಾಪುರ ಬಿಟ್ಟು ಬೇರೆ ಕಡೆ ಉದಾಹರಣೆ ಹುಡುಕಬೇಕಿಲ್ಲ. ಕೋಚಿಂಗ್ ಸೆಂಟರು, ರೀಡಿಂಗ್ ರೂಮು, ಪಿಜಿ. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸರ್ಕಾರಿ ನೌಕರಿ ಪರೀಕ್ಷೆಗಾಗಿ ವರ್ಷಗಟ್ಟಲೆ ಕೂತು ಓದುತ್ತಾರೆ. ಆಯ್ಕೆ ಪಟ್ಟಿ ಬಂದ ದಿನ ಇವರಿಗೆ ಅಂಬಾನಿ ಮೇಲೆ ಹೊಟ್ಟೆ ಉರಿಯುತ್ತದಾ? ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಅದೇ ನೋಟ್ಸ್ ಓದಿದವನ ಮೇಲೆ ಉರಿಯುತ್ತದೆ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೈನಿಕರ ಬಗ್ಗೆ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡ ದೊಡ್ಡ ಅಧ್ಯಯನ ಮಾಡಿತ್ತು. 1949ರಲ್ಲಿ ಅದು ಪ್ರಕಟವಾಯಿತು. ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಲ್ಲೇ ಬಡ್ತಿ ಬಗ್ಗೆ ಗೊಣಗಾಟ ಜಾಸ್ತಿ! ಬಡ್ತಿ ಅಪರೂಪವಾಗಿದ್ದ ಮಿಲಿಟರಿ ಪೊಲೀಸರಲ್ಲಿ ಕಡಿಮೆ. ಸುತ್ತ ಯಾರಿಗೂ ಸಿಗದಿದ್ದರೆ ನನಗೂ ಸಿಗಲಿಲ್ಲ ಅಂತ ಸುಮ್ನಿರಬಹುದು. ಜೊತೆಗಿದ್ದವರಿಗೆಲ್ಲ ಸಿಕ್ಕಿ ನಾನೊಬ್ಬ ಉಳಿದರೆ ಹೇಗೆ? ಅಂದರೆ ಅವಕಾಶ ಹೆಚ್ಚಾದ ಕಡೆ ಸಂಕಟವೂ ಹೆಚ್ಚಬಹುದು.

ಇನ್ನು ಗೆದ್ದವರ ಕಥೆ. ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್, ಇನ್ನೊಬ್ಬರ ಕಣ್ಣಿಗೆ ಹೆದರಿದವರು ಏನು ಮಾಡುತ್ತಾರೆ ಅಂತ 1972ರಲ್ಲಿ ಬರೆದ. ಮೊದಲು ಬಚ್ಚಿಡುತ್ತಾರೆ. ಆಗದಿದ್ದರೆ 'ಅಂಥಾದ್ದೇನಿಲ್ಲ' ಅನ್ನುತ್ತಾರೆ. ಅದೂ ಸಾಲದಿದ್ದರೆ ಚೂರು ಏನಾದರೂ ಕೊಟ್ಟು ಸಮಾಧಾನ ಮಾಡುತ್ತಾರೆ. ಕೊನೆಗೆ, ಬೇರೆ ದಾರಿಯೇ ಇಲ್ಲದಾಗ, ನಿಜವಾಗಿ ಹಂಚಿಕೊಳ್ಳುತ್ತಾರೆ. ನಮ್ಮ ಕಡೆ ಹೊಸ ಕಾರು ತಂದವರನ್ನು 'ಭಾಳ ಚಲೋ ಐತ್ರಿ' ಅಂತ ಹೊಗಳಿ ನೋಡಿ. 'ಎಲ್ಲಾ ಸಾಲದ ಮ್ಯಾಲ್ರಿ, ಇನ್ನೂ ಐದ್ ವರ್ಷ ಕಂತು ಕಟ್ಟಬೇಕು' ಅನ್ನುತ್ತಾರೆ. ನೌಕರಿ ಸಿಕ್ಕವನು ಕೇಳುವ ಮೊದಲೇ ಅರ್ಧ ಕೆ.ಜಿ. ಪೇಡಾ ತಂದು ರೂಮಿನವರಿಗೆಲ್ಲ ಹಂಚುತ್ತಾನೆ. ಖುಷಿ ಇದೆ, ಸುಳ್ಳಲ್ಲ. ಆದರೆ ಆ ಪೇಡಾದಲ್ಲಿ ಸ್ವಲ್ಪ ಹೆದರಿಕೆಯೂ ಇದೆ ಅಂತ ನನಗೆ ಅನಿಸುತ್ತದೆ.

ಇದೇ ಫಾಸ್ಟರ್ 1965ರಲ್ಲಿ ಇನ್ನೊಂದು ಮಾತು ಹೇಳಿದ್ದ. ಲೋಕದಲ್ಲಿ ಒಳ್ಳೆಯದು ಇರುವುದೇ ಇಷ್ಟು, ಒಬ್ಬನಿಗೆ ಬಂತೆಂದರೆ ಇನ್ನೊಬ್ಬನದು ಹೋಯಿತು ಅಂತ ರೈತ ಸಮಾಜಗಳು ನಂಬುತ್ತವೆ ಅಂದ. ಅದು ಹಳ್ಳಿಯವರ ಕಲ್ಪನೆ ಅಂತ ಓದಿದವರು ನಗಬಹುದು. ಆದರೆ ಸಪ್ತಾಪುರದ ಹುಡುಗನಿಗೆ ಇದು ಬರೀ ಲೆಕ್ಕ. ಹುದ್ದೆ 545 ಅಂದರೆ 545. ಅವನು ಒಳಗೆ ಬಂದರೆ ಇನ್ನೊಬ್ಬ ಹೊರಗೆ. ಇಂಥ ಕಡೆ 'ಮನಸ್ಸು ದೊಡ್ಡದು ಮಾಡ್ಕೋ' ಅಂತ ಬುದ್ಧಿ ಹೇಳುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ.

545 ಅಂದದ್ದು ಸುಮ್ನೆ ಅಲ್ಲ. 2021ರ ಅಕ್ಟೋಬರಿನಲ್ಲಿ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆ ನಡೆದದ್ದು ಅಷ್ಟೇ ಹುದ್ದೆಗೆ. ಫಲಿತಾಂಶದ ಮೇಲೆ ಅನುಮಾನ ಪಟ್ಟವರಿಗೆ 'ಪಾಸಾದವರನ್ನ ಕಂಡ್ರ ಇವರಿಗೆ ಹೊಟ್ಟೆಕಿಚ್ಚು' ಅಂದುಬಿಡುವುದು ಸುಲಭ ಇತ್ತು, ಅಲ್ವಾ? ಆಮೇಲೆ ಸಿಐಡಿ ತನಿಖೆಯಲ್ಲಿ ಓಎಂಆರ್ ಉತ್ತರ ಹಾಳೆಗಳನ್ನು ತಿದ್ದಿದ್ದು ಹೊರಬಿತ್ತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಇಲ್ಲಿ ಮತ್ಸರ ಯಾವುದು, ನ್ಯಾಯ ಕೇಳುವುದು ಯಾವುದು? ಒಬ್ಬನ ಹೊಟ್ಟೆಯೊಳಗೆ ಎರಡೂ ಕೂಡೇ ಇರಬಹುದು. ಮತ್ಸರ ಇದೆ ಅಂದಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ.

ಪ್ರಾಮಾಣಿಕವಾಗಿ ಓದಿ ಆಯ್ಕೆಯಾದವರು ಬೀದಿಗಿಳಿದು ಪ್ರತಿಭಟಿಸಿದರು. ಅವರ ಪಟ್ಟಿಯೂ ಹೋಗಿತ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಊರಿನವರು ಕೇಳುತ್ತಿದ್ದ 'ನೀನೂ ರೊಕ್ಕ ಕೊಟ್ಟಿದ್ದೇನೋ ತಮ್ಮಾ?' ಅನ್ನುವ ಪ್ರಶ್ನೆಗೆ ಅವರ ಹತ್ತಿರ ಯಾವ ದಾಖಲೆಯೂ ಇರಲಿಲ್ಲ.