ನಿಮ್ಮ ಬಿಲ್ಡಿಂಗಿಗೆ ಅಷ್ಟೇ ಮಹಡಿ ಯಾಕೆ?

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ ‘ಮುಂಬಯಿ ಉಪನಗರದ ಬದಲಾಗುತ್ತಿರುವ ಮುಖ’. ಫೋನಿನಲ್ಲೇ ಹೇಳಿಬಿಟ್ಟೆ. ಮುಖದ ಬಗ್ಗೆ ಮಾತಾಡಲು ನನಗೆ ಬರುವುದಿಲ್ಲ ಮಾರಾಯ್ರೇ, ಆರ್ಕಿಟೆಕ್ಟರ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ನಕಾಶೆ ಬರೆದವನು ನಾನು, ಬೇಕಾದರೆ ಬಿಲ್ಡಿಂಗಿನ ತಲೆಯ ಬಗ್ಗೆ ಮಾತಾಡುತ್ತೇನೆ ಅಂತ. ತಲೆ ಅಂದರೆ ಮೇಲಿನ ತುದಿ. ಅದು ಎಲ್ಲಿ ನಿಲ್ಲುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ ಅನ್ನುವ ವಿಷಯ.

ಮೊದಲು ಒಂದು ಪ್ರಯಾಣ ಹೋಗಿ ಬರೋಣ. ನಮ್ಮ ಹೈವೇ ಮೇಲೆ ಓಡುವ ಮೆಟ್ರೋ 7 ಇದೆಯಲ್ಲ, 2022ರ ಏಪ್ರಿಲ್‌ನಲ್ಲಿ ಅರ್ಧ ಶುರುವಾಗಿ 2023ರ ಜನವರಿಯಲ್ಲಿ ಅಂಧೇರಿಯ ಗುಂದವಲಿಯವರೆಗೆ ಪೂರ್ತಿಯಾದದ್ದು, ಅದರಲ್ಲಿ. ಲೋಕಲ್ ಟ್ರೇನಿನಿಂದ ನಮಗೆ ಇಷ್ಟು ವರ್ಷ ಕಂಡದ್ದು ಬಿಲ್ಡಿಂಗ್‌ಗಳ ಬೆನ್ನು, ಒಣಗಲು ಹಾಕಿದ ಬಟ್ಟೆ, ಅಷ್ಟೇ. ಮೆಟ್ರೋ ಮೂರನೇ ಮಹಡಿಯ ಎತ್ತರದಲ್ಲಿ ಓಡುತ್ತದೆ. ಊರು ಪೂರ್ತಿ ಕಾಣುತ್ತದೆ.

ಗುಂದವಲಿಯಲ್ಲಿ ಹತ್ತುವ ಮೊದಲು ಪ್ಲಾಟ್‌ಫಾರ್ಮಿನಿಂದ ವಿಲೇ ಪಾರ್ಲೆ ಕಡೆಗೆ ನೋಡಿ. ಬಿಲ್ಡಿಂಗ್‌ಗಳ ತಲೆಯೆಲ್ಲ ಸುಮಾರು ಒಂದೇ ಮಟ್ಟದಲ್ಲಿ ಇದೆ. ಗದ್ದೆಯಲ್ಲಿ ಪೈರು ನಿಂತ ಹಾಗೆ. ಯಾಕೆ ಅಂದರೆ ಪಕ್ಕದಲ್ಲೇ ವಿಮಾನ ನಿಲ್ದಾಣ. ರನ್‌ವೇಯ ಸುತ್ತ ನಾಲ್ಕು ಕಿಲೋಮೀಟರಿನವರೆಗೆ, ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ಕಣ್ಣಿಗೆ ಕಾಣದ ಒಂದು ಚಪ್ಪರ ಹಾಕಿದ್ದಾರೆ ಅಂದುಕೊಳ್ಳಿ. ಅದನ್ನು ಚುಚ್ಚುವ ಹಾಗಿಲ್ಲ. ವಿಮಾನ ಇಳಿಯುವ, ಏರುವ ದಾರಿಯಲ್ಲಿ ಇನ್ನೂ ಬಿಗಿ. ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ಚಪ್ಪರ ಮೇಲಕ್ಕೆ ಏರುತ್ತದೆ, 20 ಮೀಟರ್ ದೂರ ಹೋದರೆ 1 ಮೀಟರ್ ಎತ್ತರ. ಜುಹುವಿನ ಸಣ್ಣ ನಿಲ್ದಾಣಕ್ಕೂ ಅದರದ್ದೇ ಲೆಕ್ಕ ಇದೆ.

ಇದರಲ್ಲಿ ಒಂದು ತಮಾಷೆ. ಎತ್ತರ ಅಳೆಯುವುದು ಸಮುದ್ರ ಮಟ್ಟದಿಂದ. ಹಾಗಾಗಿ ಗುಡ್ಡದ ಮೇಲೆ ಜಾಗ ಇದ್ದವನಿಗೆ ಮಹಡಿ ಕಡಿಮೆ, ತಗ್ಗಿನಲ್ಲಿ ಇದ್ದವನಿಗೆ ಜಾಸ್ತಿ. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಅಂತ ಯಾರೂ ಮೂಸದೆ ಬಿಟ್ಟ ಪ್ಲಾಟಿಗೆ ಎರಡು ಮಹಡಿ ಹೆಚ್ಚು ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಟ್ರೇನ್ ಉತ್ತರಕ್ಕೆ ಜೋಗೇಶ್ವರಿ, ಗೋರೆಗಾಂವ್ ದಾಟುತ್ತಿದ್ದ ಹಾಗೆ ಪೈರಿನ ಮಟ್ಟ ತಪ್ಪುತ್ತದೆ. ನಾಲ್ಕು ಮಹಡಿಯ ಪಕ್ಕ ಇಪ್ಪತ್ತು, ಅದರ ಹಿಂದೆ ನಲವತ್ತು. ಕಾಂದಿವಲಿ, ಬೋರಿವಲಿಯಲ್ಲಂತೂ ಬಲಗಡೆ ನ್ಯಾಷನಲ್ ಪಾರ್ಕಿನ ಗುಡ್ಡ ಎತ್ತರವೋ ಟವರ್ ಎತ್ತರವೋ ಗೊತ್ತಾಗುವುದಿಲ್ಲ. ಚಪ್ಪರ ಮೇಲೆ ಹೋಯಿತು, ಸರಿ. ಆದರೆ ಜಾಗ ಇದೆ ಅಂದ ಮಾತ್ರಕ್ಕೆ ಬಿಲ್ಡಿಂಗ್ ಬೆಳೆಯುವುದಿಲ್ಲ. ಅದಕ್ಕೆ ಗೊಬ್ಬರ ಬೇಕು. ಆ ಗೊಬ್ಬರದ ಹೆಸರು ಎಫ್‌ಎಸ್‌ಐ.

ಸೊಸೈಟಿ ಮೀಟಿಂಗಿನಲ್ಲಿ ಈ ಶಬ್ದ ಕೇಳದವರು ಇಲ್ಲಿ ಯಾರೂ ಇರಲಾರರು. ಅರ್ಥ ತುಂಬ ಸುಲಭ. ಪ್ಲಾಟ್ 1000 ಚದರ ಮೀಟರ್ ಇದೆ, ಎಫ್‌ಎಸ್‌ಐ 1 ಅಂದರೆ ಎಲ್ಲ ಮಹಡಿ ಸೇರಿ 1000 ಚದರ ಮೀಟರ್ ಕಟ್ಟಬಹುದು. ಕಾಲು ಭಾಗ ಜಾಗದಲ್ಲಿ ಬಿಲ್ಡಿಂಗ್ ನಿಲ್ಲಿಸಿದರೆ ನಾಲ್ಕು ಮಹಡಿ. ನಾವೆಲ್ಲ ಮೊದಲು ಸಂಸಾರ ಹೂಡಿದ ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಬಿಲ್ಡಿಂಗ್‌ಗಳು ನೆನಪಿವೆ ಅಲ್ವಾ? ಅವುಗಳ ಹಿಂದೆ ಇದ್ದದ್ದು ಇದೇ ಲೆಕ್ಕ. 1991ರ ನಿಯಮದಲ್ಲಿ ಹಳೆ ಮುಂಬಯಿಗೆ, ಅಂದರೆ ದಕ್ಷಿಣದ ಮೂಲ ಊರಿಗೆ, 1.33, ಉಪನಗರಕ್ಕೆ 1.

ಅದೇ 1991ರಲ್ಲಿ ಇನ್ನೊಂದು ಕಾಗದ ಹುಟ್ಟಿತು. ಟಿಡಿಆರ್. ರಸ್ತೆಗೋ ಗಾರ್ಡನ್ನಿಗೋ ನಿಮ್ಮ ಜಾಗ ಬೇಕು, ಕೊಡಲು ನಗರಪಾಲಿಕೆಯ ಹತ್ತಿರ ದುಡ್ಡಿಲ್ಲ. ಅದಕ್ಕೆ ಒಂದು ಸರ್ಟಿಫಿಕೇಟು ಕೊಡುತ್ತಾರೆ: ಇಲ್ಲಿ ಕಟ್ಟಬೇಕಾದದ್ದನ್ನು ಬೇರೆ ಕಡೆ ಕಟ್ಟಿಕೋ, ಇಲ್ಲವೇ ಈ ಕಾಗದ ಯಾರಿಗಾದರೂ ಮಾರಿಕೋ. ಬುದ್ಧಿವಂತ ಉಪಾಯವೇ. ಆದರೆ ಅದರಲ್ಲಿ ಒಂದು ಷರತ್ತು ಇತ್ತು. ಹಳೆ ಮುಂಬಯಿಯಲ್ಲಿ ಅದನ್ನು ಬಳಸುವ ಹಾಗಿಲ್ಲ. ಉಪನಗರದಲ್ಲಿ, ಅದೂ ಜಾಗ ಕೊಟ್ಟ ಕಡೆಯಿಂದ ಉತ್ತರಕ್ಕೆ ಮಾತ್ರ.

ಅಂದರೆ ಏನಾಯಿತು ನೋಡಿ. ಕಾಗದ ದಕ್ಷಿಣದಲ್ಲಿ ಹುಟ್ಟುತ್ತದೆ, ಉತ್ತರಕ್ಕೆ ಬಂದು ಮಹಡಿಯಾಗುತ್ತದೆ. ಒಂದಿದ್ದ ಎಫ್‌ಎಸ್‌ಐ ನಮ್ಮಲ್ಲಿ ಎರಡಾಯಿತು. ರಸ್ತೆ ಮಾತ್ರ ಮೊದಲಿನಷ್ಟೇ ಅಗಲ. ನಾನು ನಕಾಶೆಯಲ್ಲಿ ಐದನೇ, ಆರನೇ, ಏಳನೇ ಮಹಡಿಯ ಗೆರೆ ಎಳೆಯುವಾಗ ಅವು ಕುರ್ಲಾದ ಯಾವುದೋ ರಸ್ತೆಯಿಂದ ಹಾರಿ ಬಂದವು ಅಂತ ನಗುತ್ತಿದ್ದೆ. ನಮ್ಮವರೂ ಹಾಗೇ ಬಂದವರಲ್ಲವೇ? ಫೋರ್ಟಿನ ಹೋಟೆಲಿನ ಮಾಳಿಗೆಯಲ್ಲಿ ಮಲಗಿದವರು ಮಾಟುಂಗಕ್ಕೆ ಬಂದರು. ಅವರ ಮಕ್ಕಳು ಗೋರೆಗಾಂವಿಗೆ. ಮೊಮ್ಮಕ್ಕಳು ಮೀರಾ ರೋಡಿಗೆ. ಜನಗಣತಿಯೂ ಅದನ್ನೇ ಹೇಳುತ್ತದೆ. 1990ರ ಅಕ್ಟೋಬರ್ 1ರಂದು ನಮ್ಮದು ಪ್ರತ್ಯೇಕ ಜಿಲ್ಲೆಯಾಯಿತು, ಬಾಂದ್ರಾದಿಂದ ದಹಿಸರ್ ಮತ್ತು ಮುಲುಂಡ್‌ವರೆಗೆ. 2011ಕ್ಕೆ ಈ ಜಿಲ್ಲೆಯಲ್ಲಿ 93 ಲಕ್ಷಕ್ಕೂ ಹೆಚ್ಚು ಜನ, ಹಳೆ ಮುಂಬಯಿಯಲ್ಲಿ 31 ಲಕ್ಷಕ್ಕೂ ಕಡಿಮೆ. ಅಲ್ಲಿ ಹತ್ತು ವರ್ಷದಲ್ಲಿ ಜನ ಕಡಿಮೆಯೇ ಆಗಿದ್ದರು.

ಉತ್ತರಕ್ಕೆ ಮಾತ್ರ ಅನ್ನುವ ನಿಯಮ ಆಮೇಲೆ ಹೋಯಿತು. ಈಗ ರಸ್ತೆಯ ಅಗಲ ಮತ್ತು ಜಾಗದ ಸರ್ಕಾರಿ ದರ ನೋಡಿ ಲೆಕ್ಕ ಹಾಕುತ್ತಾರೆ. 2012ರಲ್ಲಿ ಫಂಜಿಬಲ್ ಅಂತ ಇನ್ನೊಂದು ಬಂತು, ದುಡ್ಡು ಕಟ್ಟಿದರೆ ಮನೆಗಳಿಗೆ 35 ಶೇಕಡಾ ಜಾಸ್ತಿ. ಎರಡಕ್ಕೆ ಅದನ್ನು ಸೇರಿಸಿ, 2.7 ಆಯಿತು. ನಮ್ಮ ಹಳೆ ನಾಲ್ಕು ಮಹಡಿ ಅಷ್ಟೇ ಜಾಗದಲ್ಲಿ ಹನ್ನೊಂದು. ಕೆಳಗೆ ಕಾರು ನಿಲ್ಲಿಸಲು ಪೋಡಿಯಂ ಮೂರೋ ನಾಲ್ಕೋ. ಮ್ಹಾಡಾ, ಅಂದರೆ ಸರ್ಕಾರದ ಗೃಹಮಂಡಳಿ, ಅದರ ಕಾಲನಿಗಳಲ್ಲಿ ಎಫ್‌ಎಸ್‌ಐ 3. ಚೆಂಬೂರಿನ ತಿಲಕ್ ನಗರಕ್ಕೆ ಹೋಗಿ ನೋಡಿ, ವಿಕ್ರೋಲಿಯ ಕನ್ನಮ್‌ವಾರ್ ನಗರಕ್ಕೆ ಹೋಗಿ ನೋಡಿ. ಇಪ್ಪತ್ತು ವರ್ಷ ಹಿಂದೆ ಅಲ್ಲಿದ್ದವನಿಗೆ ತನ್ನ ಗಲ್ಲಿ ಸಿಗುವುದು ಕಷ್ಟ.

ಇನ್ನು ಜೋಡಿ ಬಿಲ್ಡಿಂಗ್‌ಗಳು. ಒಂದು ಗಾಜಿನ ಟವರ್, ಅದರ ಹಿಂದೆ ಬಣ್ಣ ಮಾಸಿದ, ಒತ್ತೊತ್ತಾಗಿ ನಿಂತ ಮೂರು ನಾಲ್ಕು ಬಿಲ್ಡಿಂಗ್. ಎರಡೂ ಒಂದೇ ನಕಾಶೆಯ ಮಕ್ಕಳು. 1995ರಲ್ಲಿ ಎಸ್‌ಆರ್‌ಎ ಬಂತು. ಝೋಪಡಿಯವರಿಗೆ ಪುಕ್ಕಟೆ ಮನೆ ಕಟ್ಟಿಕೊಡು, ಉಳಿದದ್ದನ್ನು ಮಾರಿಕೋ ಅನ್ನುವ ಯೋಜನೆ. ಮನೆ ಮೊದಲು 225 ಚದರ ಅಡಿ, ನಂತರ 269, ಈಗ 300. ಝೋಪಡಿಯಲ್ಲಿ ಮಳೆಗಾಲ ಕಳೆದವರಿಗೆ ಆ 300 ಅಡಿ ಏನು ಅಂತ ನಾನು ಹೇಳಬೇಕಾಗಿಲ್ಲ. ಆದರೆ ಮಾರುವ ಟವರಿಗೆ ಜಾಗ ಉಳಿಯಲಿ ಅಂತ ಪುಕ್ಕಟೆ ಬಿಲ್ಡಿಂಗ್‌ಗಳನ್ನು ಎಷ್ಟು ಹತ್ತಿರ ಹತ್ತಿರ ಒತ್ತಿದ್ದೇವೆ ಅಂದರೆ, ಮಧ್ಯಾಹ್ನವೂ ದೀಪ ಹಾಕಬೇಕು. ಒತ್ತಿದ್ದೇವೆ ಅಂದೆ. ಆ ಗೆರೆ ಎಳೆದವರಲ್ಲಿ ನಾನೂ ಒಬ್ಬ. ನಿಯಮದಲ್ಲಿ ರಿಯಾಯಿತಿ ಇತ್ತು, ಬಾಸ್ ಹೇಳಿದರು, ಎಳೆದೆ.

ನನ್ನ ಸ್ವಂತ ಮನೆಯ ಕಥೆಯನ್ನೂ ಹೇಳಲೇಬೇಕು. ನಮ್ಮ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೋಯಿತು, ಅಂದರೆ ಹಳೆಯದನ್ನು ಕೆಡವಿ ಬಿಲ್ಡರ್ ಹೊಸ ಟವರ್ ಕಟ್ಟುವುದು. ಜೀವಮಾನವೆಲ್ಲ ಇದೇ ಕೆಲಸ ಮಾಡಿದವನು ಅಂತ ಕಮಿಟಿಯಲ್ಲಿ ನನ್ನನ್ನು ಕೂರಿಸಿದರು. ಕಾರ್ಪೆಟ್, ಅಂದರೆ ಮನೆಯೊಳಗಿನ ಜಾಗ, ಎಷ್ಟು ಜಾಸ್ತಿ, ಬಿಲ್ಡರ್ ಕೊಡುವ ಕಾರ್ಪಸ್ ದುಡ್ಡು ಎಷ್ಟು, ಕಟ್ಟಿ ಮುಗಿಯುವವರೆಗೆ ನಾವು ಹೊರಗೆ ಇರಲು ಕೊಡುವ ಭಾಡೆ ಎಷ್ಟು, ಎಲ್ಲ ನಾನೇ ಓದಿ ಹೇಳಿದೆ. ಒಂಬತ್ತನೇ ತಿಂಗಳಿಗೆ ಭಾಡೆಯ ಚೆಕ್ ನಿಂತಿತು. ಬಿಲ್ಡರನ ಹೆಸರು ಬೇಡ. ಮೂವತ್ತು ತಿಂಗಳು ಅಂದದ್ದು ಐದೂವರೆ ವರ್ಷವಾಯಿತು. ಹಳೆ ಬಿಲ್ಡಿಂಗಿನ ಕೆಳಗಡೆ ಗಾಳಾದಲ್ಲಿ, ಅಂದರೆ ಅಂಗಡಿ ಜಾಗದಲ್ಲಿ, ನಮ್ಮ ಕುಂದಾಪುರದ ಕಡೆಯವರ ಹೋಟೆಲಿತ್ತು. ಗೋಲಿಬಜೆ ನಾಲ್ಕು ಗಂಟೆಗೆ ಬಿಸಿ ಸಿಗುತ್ತಿತ್ತು. ಹೋಟೆಲು ಐದೂವರೆ ವರ್ಷ ಬೀಗ ಹಾಕಿಕೊಂಡು ಇರಲು ಆಗುತ್ತದೆಯೇ? ಅವರು ಊರಿಗೆ ಹೋದರು. ಹೊಸ ಟವರಿನಲ್ಲಿ ಅವರಿಗೆ ಬಂದ ಗಾಳಾವನ್ನು ಭಾಡೆಗೆ ಕೊಟ್ಟಿದ್ದಾರೆ. ಈಗ ಅಲ್ಲಿ ಕನ್ನಡಕದ ಅಂಗಡಿ.

ಕೆಲಸ ನಿಂತಿದ್ದಾಗ ಸೈಟಿನಲ್ಲಿ ಉಳಿದದ್ದು ಕೂಲಿಯವರ ಎರಡೇ ಸಂಸಾರ. ಅವರು ಕನ್ನಡ ಮಾತಾಡುವುದು ಕೇಳಿ ಹತ್ತಿರ ಹೋದೆ. ಯಾದಗಿರಿ ಕಡೆಯವರು. ಇಲ್ಲಿನ ನಾಕಾಗಳಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಚೌಕಗಳಲ್ಲಿ, ಬೆಳಿಗ್ಗೆ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಈಗಲೂ ಕೇಳುತ್ತದೆ. ಇದಕ್ಕೆ ಮೊದಲು ಎಲ್ಲಿ ಕೆಲಸ ಅಂತ ಕೇಳಿದೆ.

“ಮಲಾಡದಾಗ್ರಿ ಸರ. ಮೂವತ್ತೆರಡನೇ ಮಾಳಿಗಿ. ನಾ ಸಮುದ್ರ ಮೊದಲ ಸಲ ನೋಡಿದ್ದು ಅಲ್ಲಿಂದಾನ ರೀ,” ಅಂದಳು ಆ ಹೆಣ್ಣುಮಗಳು. ಕೆಳಗಿಳಿದು ಹತ್ತಿರದಿಂದ ನೋಡಿದೆಯಾ ಅಂದೆ. “ಎಲ್ಲೀದ್ರಿ, ರಜಾ ಎಲ್ಲಿ ಕೊಡ್ತಾರ?”

ಬೆಂಕಿಯ ವಿಷಯ ಎರಡು ಮಾತು. ಎತ್ತರದ ಬಿಲ್ಡಿಂಗಿನಲ್ಲಿ ಪ್ರತಿ ಏಳು ಮಹಡಿಗೊಂದು ರೆಫ್ಯೂಜ್ ಜಾಗ ಇರುತ್ತದೆ, ಬೆಂಕಿ ಬಿದ್ದರೆ ಜನ ಅಲ್ಲಿ ಬಂದು ನಿಲ್ಲಲಿ ಅಂತ. ಮುಂಬಯಿ ಅಗ್ನಿಶಾಮಕ ದಳದ ಅತಿ ಎತ್ತರದ ಏಣಿ 90 ಮೀಟರ್, ಹೆಚ್ಚೆಂದರೆ ಮೂವತ್ತು ಮಹಡಿ. ಅದೂ ಆ ದೊಡ್ಡ ಗಾಡಿ ನಿಮ್ಮ ಗೇಟಿನೊಳಗೆ ತಿರುಗಿದರೆ. ಇವತ್ತು ಮನೆಗೆ ಹೋದವರು ದಯವಿಟ್ಟು ನಿಮ್ಮ ರೆಫ್ಯೂಜ್ ಜಾಗ ನೋಡಿ. ನಮ್ಮದರಲ್ಲಿ ಹಳೆ ಸೋಫಾ ಎರಡು, ಮಕ್ಕಳ ಸೈಕಲ್ ಏಳು. ಸೆಕ್ರೆಟರಿಯವರಿಗೆ ಮೂರು ಸಲ ಬರೆದುಕೊಟ್ಟಿದ್ದೇನೆ. ಏಳರಲ್ಲಿ ಒಂದು ಸೈಕಲ್ ಅವರ ಮೊಮ್ಮಗನದ್ದು.

ನನಗೆ ಬಂದದ್ದು ಇಪ್ಪತ್ತೊಂದನೇ ಮಹಡಿ. ವಿಮಾನದ ಚಪ್ಪರ, ರಸ್ತೆಯ ಅಗಲ, ಟಿಡಿಆರ್, ಫಂಜಿಬಲ್, ನಾಲ್ಕು ಪೋಡಿಯಂ. ಎಲ್ಲ ಕೂಡಿ ಕಳೆದು ಅಷ್ಟಾಯಿತು. ಗಾಳಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಸೊಳ್ಳೆ ಇಲ್ಲ. ಹೋದ ವರ್ಷ ಅಪ್ಪನ ಶ್ರಾದ್ಧದ ದಿನ ಕಾಗೆಗೆ ಅಂತ ಬಾಲ್ಕನಿಯಲ್ಲಿ ಎಲೆ ಇಟ್ಟೆವು. ಹಳೆ ಮನೆಯಲ್ಲಿ ಎಲೆ ಇಡುವ ಮೊದಲೇ ಟೆರೇಸಿನಲ್ಲಿ ಸಾಲಾಗಿ ಕೂರುತ್ತಿದ್ದವು. ಈಗ ಒಂದು ಗಂಟೆ ಕಾದೆವು. ಹದ್ದು ಎರಡು ಸುತ್ತು ಹಾಕಿ ಹೋಯಿತು. ಕಾಗೆ ಇಲ್ಲ. ಕೊನೆಗೆ ನನ್ನ ಹೆಂಡತಿ, “ಹೀಗೆ ಕೂತರೆ ಮಕ್ಕಳಿಗೆ ಊಟ ಯಾವಾಗ? ನೀವು ಕೆಳಗೆ ತಗೊಂಡು ಹೋಗಿ,” ಅಂದಳು. ಪಂಚೆ ಉಟ್ಟು, ಎಲೆ ಹಿಡಿದು ಲಿಫ್ಟಿನಲ್ಲಿ ಇಳಿದೆ. ಹದಿನಾಲ್ಕರಲ್ಲಿ ಹತ್ತಿದ ಹುಡುಗ ನನಗೆ ಡೆಲಿವರಿ ಬ್ಯಾಗಿನಿಂದ ಜಾಗ ಮಾಡಿಕೊಟ್ಟ. ಗೇಟಿನ ಹೊರಗೆ ಕಾಂಪೌಂಡಿನ ಮೇಲೆ ಇಡುತ್ತಿದ್ದ ಹಾಗೆ ಮೂರು ಕಾಗೆ ಬಂದವು. ಪಕ್ಕದ ಬಿಲ್ಡಿಂಗಿನ ಗುಲ್‌ಮೊಹರ್ ಮರದಿಂದ. ಅದು ನಾಲ್ಕು ಮಹಡಿಯ ಬಿಲ್ಡಿಂಗ್. ಮುಂದಿನ ತಿಂಗಳು ಅವರ ಸೊಸೈಟಿಯ ಮೀಟಿಂಗ್ ಇದೆ, ನಕಾಶೆ ನೋಡಿ ಹೇಳಲು ನನ್ನನ್ನೇ ಕರೆದಿದ್ದಾರೆ.